ದಿನವಿಡೀ ಕುಳಿತೇ ಕೆಲಸ: ಸೊಂಟದ ಡಿಸ್ಕ್ ಕಾಪಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ನನಗೆ 36 ವರ್ಷ. ದಿನಕ್ಕೆ ಒಂಬತ್ತು ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕುಳಿತು ಕೆಲಸ ಮಾಡುತ್ತೇನೆ. ನಾಲ್ಕು ತಿಂಗಳಿಂದ ಸೊಂಟ ನೋವು. ತುಂಬ ಹೊತ್ತು ಕುಳಿತರೆ ಎಡಗಡೆ ಪೃಷ್ಠದಿಂದ ತೊಡೆಯ ಹಿಂಭಾಗದವರೆಗೆ ಎಳೆಯುತ್ತದೆ. ಎಂಆರ್‌ಐ ಮಾಡಿಸಿದೆ. ‘ಎಲ್4-ಎಲ್5 ಡಿಸ್ಕ್ ಬಲ್ಜ್’ ಎಂದು ರಿಪೋರ್ಟ್ ಬಂದಿದೆ. ನಾನು ಕೂರುವ ರೀತಿಯಿಂದಲೇ ಹೀಗಾಯಿತಾ? ಸರಿಯಾಗಿ ಕೂರುವುದು ಅಂದರೆ ಹೇಗೆ? ಹೊಸ ಕುರ್ಚಿ ತಗೊಳ್ಳಬೇಕಾ, ಬೆಲ್ಟ್ ಹಾಕಬೇಕಾ? ವಾರಕ್ಕೆ ಎರಡು ಸಲ ದೂರದವರೆಗೆ ಕಾರು ಓಡಿಸಬೇಕಾಗುತ್ತದೆ, ಅದನ್ನು ನಿಲ್ಲಿಸಬೇಕಾ? ಆಪರೇಷನ್ ತನಕ ಹೋಗಿಬಿಡುತ್ತದೇನೋ ಎಂದು ಭಯ.

ಉತ್ತರ: ಮೊದಲು ರಿಪೋರ್ಟ್ ವಿಷಯ ಮಾತಾಡೋಣ. ನಿಮ್ಮ ಪತ್ರದಲ್ಲಿ ನೋವಿಗಿಂತ ಭಯವೇ ಜಾಸ್ತಿ ಕಾಣುತ್ತಿದೆ. ಆ ಭಯ ಹುಟ್ಟಿದ್ದು ರಿಪೋರ್ಟಿನ ಆ ಒಂದು ಸಾಲಿನಿಂದ. ಸೊಂಟದ ನಾಲ್ಕನೇ ಮತ್ತು ಐದನೇ ಮಣಿಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿದೆ ಎಂಬುದು ಆ ಸಾಲಿನ ಅರ್ಥ.

ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಹಾಕಿ ನೋಡಿದ ದೊಡ್ಡ ವಿಶ್ಲೇಷಣೆಯೊಂದು 2015ರಲ್ಲಿ ಪ್ರಕಟವಾಯಿತು. ಸುಮಾರು ಮೂರು ಸಾವಿರ ಜನರ ಮಾಹಿತಿ ಅದರಲ್ಲಿತ್ತು. ಸೊಂಟ ನೋವೇ ಇಲ್ಲದ 20 ವರ್ಷದವರಲ್ಲಿ ಶೇ 30, 40 ವರ್ಷದವರಲ್ಲಿ ಶೇ 50, 80 ವರ್ಷದವರಲ್ಲಿ ಶೇ 84 ಮಂದಿಗೆ ಡಿಸ್ಕ್ ಬಲ್ಜ್ ಇತ್ತು. ಅಂದರೆ ನಿಮ್ಮ ವಯಸ್ಸಿನ, ಆರಾಮಾಗಿ ಓಡಾಡಿಕೊಂಡಿರುವ ಹತ್ತು ಜನರನ್ನು ಕರೆದು ಸ್ಕ್ಯಾನ್ ಮಾಡಿಸಿದರೆ, ನಾಲ್ಕೈದು ಜನರ ರಿಪೋರ್ಟಿನಲ್ಲಿ ನಿಮ್ಮದೇ ಸಾಲು ಇರುತ್ತದೆ. ಹಾಗಂತ ರಿಪೋರ್ಟನ್ನು ಎಸೆದುಬಿಡಿ ಎನ್ನುತ್ತಿಲ್ಲ. ಸ್ಕ್ಯಾನ್‌ನಲ್ಲಿ ಕಂಡದ್ದು ಮತ್ತು ನಿಮ್ಮ ಕಾಲಿನಲ್ಲಿ ಆಗುತ್ತಿರುವುದು ಎರಡೂ ತಾಳೆಯಾಗಬೇಕು. ಎಲ್4-ಎಲ್5 ಡಿಸ್ಕ್ ಉಬ್ಬಿ ನರವನ್ನು ಒತ್ತಿದರೆ ಸಾಮಾನ್ಯವಾಗಿ ನೋವು ಅಥವಾ ಜೋಮು ಮೊಣಕಾಲು ದಾಟಿ ಕೆಳಗಿಳಿಯುತ್ತದೆ. ಕಾಲಿನ ಹೊರಬದಿ, ಪಾದದ ಮೇಲ್ಭಾಗ, ಹೆಬ್ಬೆರಳಿನ ತನಕ ಹೋಗುತ್ತದೆ. ನಿಮ್ಮದು ತೊಡೆಯಲ್ಲೇ ನಿಂತಿದೆ. ಜೋಮು, ಶಕ್ತಿ ಕಡಿಮೆಯಾದದ್ದರ ಬಗ್ಗೆ ನೀವು ಏನೂ ಬರೆದಿಲ್ಲ. ಇದು ಒಳ್ಳೆಯ ಸೂಚನೆ.

ಆದರೆ ಈ ಕೆಲವು ಲಕ್ಷಣಗಳು ಕಂಡರೆ ಕುರ್ಚಿ, ವ್ಯಾಯಾಮ ಎಂದು ಯೋಚಿಸುತ್ತಾ ಕೂರಬೇಡಿ. ಮೂತ್ರ ಕಟ್ಟಿದಂತಾಗುವುದು ಅಥವಾ ಗೊತ್ತಿಲ್ಲದೆ ಹೋಗುವುದು, ಮಲದ ಮೇಲೆ ಹಿಡಿತ ತಪ್ಪುವುದು, ಗುಪ್ತಾಂಗ ಮತ್ತು ಒಳತೊಡೆಯ ಸುತ್ತ ಮರಗಟ್ಟುವುದು, ಎರಡೂ ಕಾಲು ಸೋಲುವುದು. ಇವುಗಳಲ್ಲಿ ಒಂದು ಕಂಡರೂ ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಬೆನ್ನಿನ ಕೆಳತುದಿಯ ನರಗಳ ಗೊಂಚಲು ಒತ್ತಡಕ್ಕೆ ಸಿಕ್ಕಾಗ ಹೀಗಾಗುತ್ತದೆ, ತಡ ಮಾಡಿದರೆ ಶಾಶ್ವತ ತೊಂದರೆ ಉಳಿಯಬಹುದು. ಪಾದವನ್ನು ಮೇಲೆತ್ತಲು ಆಗದೆ ನಡೆಯುವಾಗ ಎಳೆದಂತಾದರೂ ತಡ ಮಾಡದೆ ತೋರಿಸಿ. ಸೊಂಟ ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಬಿದ್ದು ಪೆಟ್ಟಾಗಿದ್ದು ಇದ್ದರೂ ವೈದ್ಯರಿಗೆ ಮೊದಲೇ ಹೇಳಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಕೂತಿದ್ದರಿಂದಲೇ ಹೀಗಾಯಿತಾ?

ಪೂರ್ತಿ ಹಾಗೆ ಹೇಳಲು ಆಗುವುದಿಲ್ಲ. ಫಿನ್‌ಲ್ಯಾಂಡಿನಲ್ಲಿ ಅವಳಿಗಳ ಬೆನ್ನನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಒಬ್ಬರು ಕುಳಿತು ಕೆಲಸ ಮಾಡುವವರು, ಇನ್ನೊಬ್ಬರು ಭಾರ ಹೊರುವವರು. ಹಾಗಿದ್ದರೂ ಇಬ್ಬರ ಡಿಸ್ಕ್‌ಗಳು ಹೆಚ್ಚುಕಡಿಮೆ ಒಂದೇ ರೀತಿ ಸವೆದಿದ್ದವು. ಕೆಲಸಕ್ಕಿಂತ ಹುಟ್ಟಿನಿಂದ ಬಂದದ್ದರ ಪಾಲೇ ದೊಡ್ಡದು ಎಂದು ಅಲ್ಲಿ ತಿಳಿಯಿತು. ವಯಸ್ಸು, ಧೂಮಪಾನ, ದೇಹದ ತೂಕ ಕೂಡ ಸೇರಿಕೊಳ್ಳುತ್ತವೆ. ಹಾಗಾಗಿ ‘ನಾನೇ ನನ್ನ ಬೆನ್ನು ಹಾಳು ಮಾಡಿಕೊಂಡೆ’ ಎಂದು ಕೊರಗಬೇಡಿ. ಆದರೆ ಡಿಸ್ಕ್ ಒಮ್ಮೆ ಕೆರಳಿದ ಮೇಲೆ ವಿಷಯ ಬೇರೆ. ಆಗ ನೀವು ಹೇಗೆ ಕೂರುತ್ತೀರಿ, ಎಷ್ಟು ಹೊತ್ತು ಕೂರುತ್ತೀರಿ ಎನ್ನುವುದರ ಮೇಲೆ ಅದು ತಣ್ಣಗಾಗುತ್ತದೋ ಮತ್ತೆ ಮತ್ತೆ ಕೆರಳುತ್ತದೋ ಎನ್ನುವುದು ನಿಂತಿದೆ. ನಿಮ್ಮ ನೋವು ನಾಲ್ಕು ತಿಂಗಳು ಎಳೆದಿರುವುದಕ್ಕೆ ಇದೇ ಕಾರಣ ಇರಬಹುದು ಎಂಬುದು ನನ್ನ ಅಂದಾಜು.

ಡಿಸ್ಕ್ ಬದುಕುವ ರೀತಿ ಗೊತ್ತಾದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಸೊಂಟದಲ್ಲಿ ಐದು ಮಣಿಗಳಿವೆ. ಅವುಗಳ ನಡುವೆ ಒಂದೊಂದು ಡಿಸ್ಕ್. ಹೊರಗೆ ನಾರಿನ ಪದರಗಳ ಗಟ್ಟಿ ಉಂಗುರ, ಒಳಗೆ ನೀರು ತುಂಬಿದ ಲೋಳೆಯಂಥ ತಿರುಳು. ದೊಡ್ಡವರಾದ ಮೇಲೆ ಆ ಒಳಭಾಗಕ್ಕೆ ರಕ್ತನಾಳಗಳೇ ಇರುವುದಿಲ್ಲ. ಹಾಗಾದರೆ ಅದಕ್ಕೆ ಆಹಾರ ಎಲ್ಲಿಂದ? ಮೇಲೆ ಕೆಳಗಿರುವ ಮಣಿಗಳಿಂದ ನಿಧಾನವಾಗಿ ಒಸರಿಕೊಂಡು ಬರಬೇಕು. ಸ್ಪಂಜನ್ನು ಹಿಂಡಿದಾಗ ನೀರು ಹೊರಗೆ ಹೋಗಿ, ಬಿಟ್ಟಾಗ ಮತ್ತೆ ಹೀರಿಕೊಳ್ಳುತ್ತದಲ್ಲ, ಡಿಸ್ಕ್‌ನಲ್ಲೂ ಹಾಗೆಯೇ. ಹಗಲು ಭಾರ ಬಿದ್ದಾಗ ನೀರು ಕಳೆದುಕೊಳ್ಳುತ್ತದೆ, ರಾತ್ರಿ ಮಲಗಿದಾಗ ತುಂಬಿಕೊಳ್ಳುತ್ತದೆ. ಬೆಳಿಗ್ಗೆ ಎದ್ದಾಗ ನಾವು ಸಂಜೆಗಿಂತ ಒಂದರಿಂದ ಎರಡು ಸೆಂಟಿಮೀಟರ್ ಎತ್ತರ ಇರುವುದು ಇದರಿಂದಲೇ. ಭಾರ ಬೀಳಬೇಕು, ಇಳಿಯಬೇಕು, ಮತ್ತೆ ಬೀಳಬೇಕು. ಡಿಸ್ಕ್‌ಗೆ ಬೇಕಾದದ್ದು ಈ ಬದಲಾವಣೆ. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕೂತರೆ ಅದು ಸಿಗುವುದಿಲ್ಲ. ಎಷ್ಟೇ ನೇರವಾಗಿ ಕೂತರೂ ಸಿಗುವುದಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ‘ಬೆನ್ನು ಕೋಲಿನ ಹಾಗೆ ನೇರ ಇಟ್ಟುಕೊಂಡು ಕೂರಬೇಕು’ ಎಂಬ ಮಾತನ್ನು ಬಹಳ ಜನ ನಂಬಿದ್ದಾರೆ. ಪಾಪ, ಪ್ರಯತ್ನಪಟ್ಟು ಅರ್ಧ ಗಂಟೆ ಹಾಗೆ ಕೂರುತ್ತಾರೆ. ಬೆನ್ನಿನ ಸ್ನಾಯು ಬಿಗಿದು ಇನ್ನಷ್ಟು ನೋಯುತ್ತದೆ. ಆಮೇಲೆ ಸೋತು, ಮುಂದಕ್ಕೆ ಕುಸಿದು ಮೂರು ಗಂಟೆ ಕೂರುತ್ತಾರೆ.

ಡಿಸ್ಕ್ ಒಳಗಿನ ಒತ್ತಡವನ್ನು ನೇರವಾಗಿ ಅಳೆದವರಿದ್ದಾರೆ. ಸ್ವೀಡನ್ನಿನ ಮೂಳೆ ತಜ್ಞ ಆಲ್ಫ್ ನ್ಯಾಚೆಮ್ಸನ್ 1960ರ ದಶಕದಲ್ಲೇ ಈ ಕೆಲಸ ಶುರು ಮಾಡಿದರು. ನಿಲ್ಲುವುದಕ್ಕಿಂತ ಆಸರೆ ಇಲ್ಲದೆ ಕೂತಾಗ ಒತ್ತಡ ಹೆಚ್ಚು ಎಂದು ಅವರ ಲೆಕ್ಕ ಹೇಳಿತು. 1999ರಲ್ಲಿ ಜರ್ಮನಿಯ ತಂಡವೊಂದು ಒಬ್ಬ ಸ್ವಯಂಸೇವಕರ ಡಿಸ್ಕ್ ಒಳಗೆ ಪುಟ್ಟ ಸಾಧನವನ್ನಿಟ್ಟು, ಇಡೀ ದಿನ ಅವರು ಏನೇನು ಮಾಡುತ್ತಾರೋ ಅದನ್ನೆಲ್ಲ ಅಳೆಯಿತು. ಮಲಗಿದಾಗ 0.1 ಮೆಗಾಪಾಸ್ಕಲ್ (ಒತ್ತಡದ ಅಳತೆ). ನಿಂತಾಗ 0.5. ಆಸರೆ ಇಲ್ಲದೆ ಆರಾಮಾಗಿ ಕೂತಾಗಲೂ ಹತ್ತಿರ ಹತ್ತಿರ ಅಷ್ಟೇ. ಕುರ್ಚಿಗೆ ಒರಗಿ ಸಡಿಲವಾಗಿ ಕೂತಾಗ 0.3ರಷ್ಟು ಮಾತ್ರ. ಆದರೆ ಕೂತು ಪೂರ್ತಿ ಮುಂದಕ್ಕೆ ಬಾಗಿದಾಗ 0.83ಕ್ಕೆ ಏರಿತು. ಬೆನ್ನು ಬಾಗಿಸಿ 20 ಕಿಲೋ ಎತ್ತಿದಾಗ 2.3, ಅದೇ ಭಾರವನ್ನು ಮೊಣಕಾಲು ಮಡಚಿ ಎತ್ತಿದಾಗ 1.7. ಒಬ್ಬರ ಅಳತೆಯಿಂದ ಎಲ್ಲರ ಬೆನ್ನಿಗೂ ತೀರ್ಪು ಕೊಡಲು ಆಗುವುದಿಲ್ಲ ನಿಜ. ಆದರೂ ಒರಗಿ ಕೂರುವುದು ತಪ್ಪಲ್ಲ, ಮುಂದಕ್ಕೆ ಬಾಗಿ ಕೂರುವುದೇ ಡಿಸ್ಕ್‌ಗೆ ಕಷ್ಟ ಎಂಬುದು ಇದರಿಂದ ಚೆನ್ನಾಗಿ ತಿಳಿಯುತ್ತದೆ.

ಮುಂದಕ್ಕೆ ಬಾಗಿದರೆ ಏಕೆ ಕಷ್ಟ? ನಿಂತಾಗ ಸೊಂಟದಲ್ಲಿ ಒಳಮುಖವಾದ ಒಂದು ಸಣ್ಣ ಬಾಗು ಇರುತ್ತದೆ. ಕೂತ ತಕ್ಷಣ ಕಟಿಯ ಎಲುಬು (ಸೊಂಟದ ಕೆಳಗಿನ ಪೆಲ್ವಿಸ್) ಹಿಂದಕ್ಕೆ ಹೊರಳುತ್ತದೆ, ಆ ಬಾಗು ಚಪ್ಪಟೆಯಾಗುತ್ತದೆ. ಮುಂದಕ್ಕೆ ಕುಸಿದರೆ ಅದು ಹೊರಮುಖವಾಗಿಯೇ ತಿರುಗುತ್ತದೆ. ಆಗ ಡಿಸ್ಕ್‌ನ ಮುಂಭಾಗ ಅದುಮಿ, ತಿರುಳು ಹಿಂದಕ್ಕೆ ಒತ್ತುತ್ತದೆ. ಹಿಂಭಾಗದಲ್ಲಿ ನಾರಿನ ಉಂಗುರ ತೆಳು. ನರಗಳು ಹೊರಡುವುದೂ ಅದರ ಪಕ್ಕದಲ್ಲೇ. ನೀವು ತುಂಬ ಹೊತ್ತು ಕೂತಾಗಲೇ ತೊಡೆಗೆ ಎಳೆಯುವುದು ಯಾಕೆ ಎಂದು ಈಗ ಗೊತ್ತಾಯಿತಲ್ವಾ?

ಹಾಗಾಗಿ ಕೂರುವುದನ್ನು ಬೆನ್ನಿನಿಂದ ಶುರು ಮಾಡಬೇಡಿ, ಕಟಿಯಿಂದ ಶುರು ಮಾಡಿ. ಕುರ್ಚಿಯ ಒಳತುದಿಯವರೆಗೆ ಸರಿದು, ಪೃಷ್ಠ ಹಿಂದಿನ ಒರಗಿಗೆ ತಾಗುವಂತೆ ಕೂರಿ. ನಮ್ಮಲ್ಲಿ ಹೆಚ್ಚಿನವರು ಕುರ್ಚಿಯ ಅರ್ಧದಲ್ಲಿ ಕೂತು ಹಿಂದಕ್ಕೆ ಒರಗುತ್ತೇವೆ. ಆಗ ಸೊಂಟದ ಹಿಂದೆ ಖಾಲಿ ಜಾಗ ಉಳಿದು ಕಟಿ ಹೊರಳಿಬಿಡುತ್ತದೆ. ಎಲ್ಲಕ್ಕಿಂತ ಮೊದಲು ತಿದ್ದಬೇಕಾದದ್ದು ಇದು. ಮೊಣಕಾಲಿಗಿಂತ ಸೊಂಟದ ಕೀಲು ಸ್ವಲ್ಪ ಮೇಲಿರಲಿ, ಕಡೇಪಕ್ಷ ಸಮವಾಗಿರಲಿ. ಪಾದ ಪೂರ್ತಿ ನೆಲಕ್ಕೆ ಊರಿರಲಿ. ಕುರ್ಚಿ ಎತ್ತರವಾಗಿ ಪಾದ ತೇಲುತ್ತಿದ್ದರೆ ಕೆಳಗೆ ಮಣೆಯೋ ಪೆಟ್ಟಿಗೆಯೋ ಏನಾದರೂ ಇಟ್ಟುಕೊಳ್ಳಿ. ಮೊಣಕಾಲಿನ ಹಿಂಬದಿಗೂ ಕುರ್ಚಿಯ ಅಂಚಿಗೂ ಎರಡು ಮೂರು ಬೆರಳಿನ ಜಾಗ ಬಿಡಿ. ಒರಗು ನೆಟ್ಟಗೆ 90 ಡಿಗ್ರಿಯಲ್ಲಿ ಬೇಡ. 100ರಿಂದ 110 ಡಿಗ್ರಿಯಷ್ಟು ಹಿಂದಕ್ಕೆ ವಾಲಿದ್ದರೆ ದೇಹದ ಮೇಲ್ಭಾಗದ ಭಾರವನ್ನು ಕುರ್ಚಿಯೂ ಸ್ವಲ್ಪ ಹೊರುತ್ತದೆ.

ಸೊಂಟದ ಬಾಗಿಗೆ ಒಂದು ಆಸರೆ ಬೇಕು. ಸಣ್ಣ ಟವೆಲ್ಲನ್ನು ಸುರುಳಿ ಸುತ್ತಿ, ಪ್ಯಾಂಟಿನ ಬೆಲ್ಟ್ ಬರುವ ಮಟ್ಟದಲ್ಲಿ, ಬೇಕಾದರೆ ಒಂದೆರಡು ಬೆರಳು ಮೇಲೆ ಇಟ್ಟುಕೊಳ್ಳಿ. ತೀರಾ ದಪ್ಪ ಬೇಡ. ಬೆನ್ನನ್ನು ಮುಂದಕ್ಕೆ ತಳ್ಳಿದಂತೆ ಅನಿಸಿದರೆ ಸುರುಳಿ ತೆಳು ಮಾಡಿ. ಹಿಂದಿನ ಜೇಬಿನಲ್ಲಿ ಪರ್ಸ್ ಇಟ್ಟುಕೊಂಡು ಕೂರುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಕಟಿ ಒಂದು ಕಡೆಗೆ ವಾಲುತ್ತದೆ, ಪೃಷ್ಠದಲ್ಲಿ ಹಾದುಹೋಗುವ ನರವೂ ಒತ್ತುತ್ತದೆ.

ಇಷ್ಟೆಲ್ಲ ಮಾಡಿಕೊಂಡರೂ ಬಹಳ ಜನ ಮತ್ತೆ ಮುಂದಕ್ಕೆ ಬಾಗುವುದು ಪರದೆಯ ದೆಸೆಯಿಂದ. ಕಣ್ಣು ಎಲ್ಲಿ ಹೋಗುತ್ತದೋ ತಲೆ ಅಲ್ಲಿಗೆ, ತಲೆ ಹೋದ ಕಡೆ ಬೆನ್ನು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಒಂದು ಕೈ ಅಳತೆ ದೂರದಲ್ಲಿ ಇರಲಿ. ಲ್ಯಾಪ್‌ಟಾಪ್‌ನಲ್ಲಿ ಇದು ಸಾಧ್ಯವೇ ಇಲ್ಲ. ಪರದೆ ಎತ್ತರಿಸಿದರೆ ಕೀಬೋರ್ಡ್ ಕೈಗೆ ಸಿಗುವುದಿಲ್ಲ. ಹಾಗಾಗಿ ಲ್ಯಾಪ್‌ಟಾಪನ್ನು ಪುಸ್ತಕಗಳ ಮೇಲಿಟ್ಟು, ಬೇರೆ ಕೀಬೋರ್ಡ್ ಮತ್ತು ಮೌಸ್ ಜೋಡಿಸಿಕೊಳ್ಳಿ. ನೀವು ಹೊಸ ಕುರ್ಚಿಗೆ ಹಣ ಹಾಕುವ ಮೊದಲು ಇದಕ್ಕೆ ಹಾಕಿ ಎನ್ನುತ್ತೇನೆ. ಹಾಸಿಗೆ ಮೇಲೆ ಕಾಲು ಚಾಚಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಳ್ಳುವುದು ನಿಮ್ಮಂಥವರಿಗೆ ತೀರಾ ಕೆಟ್ಟ ಭಂಗಿ. ಮೆತ್ತನೆ ಸೋಫಾದಲ್ಲಿ ಮುಳುಗಿ ಕೂರುವುದೂ ಅಷ್ಟೇ. ನೆಲದ ಮೇಲೆ ಕೂರುವುದಾದರೆ ಪೃಷ್ಠದ ಕೆಳಗೆ ದಿಂಬು ಇಟ್ಟು, ಮೊಣಕಾಲುಗಳು ಕಟಿಗಿಂತ ಕೆಳಗೆ ಬರುವ ಹಾಗೆ ನೋಡಿಕೊಳ್ಳಿ.

ಇನ್ನು ಎದ್ದೇಳುವುದು. ಈ ಉತ್ತರದಲ್ಲಿ ನೀವು ಒಂದೇ ಒಂದನ್ನು ಪಾಲಿಸುತ್ತೀರಿ ಎಂದಾದರೆ ಇದನ್ನು ಪಾಲಿಸಿ. 25–30 ನಿಮಿಷಕ್ಕೊಮ್ಮೆ ಎದ್ದು ನಿಲ್ಲಿ. ಒಂದು ನಿಮಿಷ ಸಾಕು. ಎರಡೂ ಕೈ ಸೊಂಟದ ಮೇಲಿಟ್ಟು ನಿಧಾನವಾಗಿ ಐದಾರು ಸಲ ಹಿಂದಕ್ಕೆ ಬಾಗಿ, ನಾಲ್ಕು ಹೆಜ್ಜೆ ಓಡಾಡಿ ಮತ್ತೆ ಕೂರಿ. ಫೋನ್ ಬಂದರೆ ನಿಂತೇ ಮಾತಾಡಿ. ನೀರಿನ ಬಾಟಲಿಯನ್ನು ಕೈಗೆ ಸಿಗದಷ್ಟು ದೂರ ಇಡಿ. ಕೆಲಸದಲ್ಲಿ ಮುಳುಗಿದರೆ ಮರೆತೇ ಹೋಗುತ್ತದೆ, ಅದಕ್ಕೇ ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಳ್ಳಿ. ಕೂತಿರುವಾಗಲೂ ಅಲುಗಾಡುತ್ತಿರಿ. ಸ್ವಲ್ಪ ಹೊತ್ತು ಒರಗಿ, ಸ್ವಲ್ಪ ಹೊತ್ತು ನೇರ, ಸ್ವಲ್ಪ ಹೊತ್ತು ಪಕ್ಕಕ್ಕೆ. ನಿಂತು ಕೆಲಸ ಮಾಡುವ ಮೇಜು ಇದ್ದರೆ ಒಳ್ಳೆಯದೇ, ಆದರೆ ದಿನವಿಡೀ ನಿಂತರೂ ಸೊಂಟ ನೋಯುತ್ತದೆ. ಕೂರುವುದು ನಿಲ್ಲುವುದು ಸರದಿ ಪ್ರಕಾರ ನಡೆಯಲಿ.

ಎದ್ದ ಮೇಲಿನ ಒಂದೆರಡು ನಿಮಿಷದ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ತುಂಬ ಹೊತ್ತು ಬಾಗಿ ಕೂತಾಗ ಬೆನ್ನಿನ ಹಿಂಬದಿಯ ಅಸ್ಥಿರಜ್ಜುಗಳು (ಎಲುಬುಗಳನ್ನು ಹಿಡಿದಿಡುವ ಪಟ್ಟಿಗಳು) ಹಿಗ್ಗಿರುತ್ತವೆ. ಎದ್ದ ಕೂಡಲೇ ಅವು ಮೊದಲಿನ ಸ್ಥಿತಿಗೆ ಬರುವುದಿಲ್ಲ, ಸಮಯ ಬೇಕು. ಆ ಹೊತ್ತಿನಲ್ಲಿ ಬೆನ್ನಿಗೆ ಸರಿಯಾದ ರಕ್ಷಣೆ ಇರುವುದಿಲ್ಲ. ಎರಡು ಗಂಟೆ ಮೀಟಿಂಗಿನಲ್ಲಿ ಕೂತು, ಎದ್ದವರೇ ಬಗ್ಗಿ ಭಾರದ ಪೆಟ್ಟಿಗೆ ಎತ್ತಿದಾಗ ‘ಕಳಕ್’ ಎನ್ನುವುದು ಹೀಗೆ. ಮೊದಲು ನಿಂತು, ಸ್ವಲ್ಪ ಓಡಾಡಿ, ಆಮೇಲೆ ಎತ್ತಿ. ಬೆಳಗಿನ ಹೊತ್ತಿಗೂ ಇದೇ ಮಾತು. ರಾತ್ರಿಯಿಡೀ ನೀರು ಹೀರಿದ ಡಿಸ್ಕ್ ಬೆಳಿಗ್ಗೆ ಬಿಗಿದುಕೊಂಡಿರುತ್ತದೆ, ಆಗ ಬಗ್ಗಿದರೆ ಅದರ ಮೇಲೆ ಒತ್ತಡ ಹೆಚ್ಚು. ಸೊಂಟ ನೋವಿದ್ದವರಿಗೆ ಬೆಳಗಿನ ಹೊತ್ತು ಬಗ್ಗುವುದನ್ನು ಬಿಡಿಸಿ ನೋಡಿದ ಅಧ್ಯಯನ 1998ರಲ್ಲಿ ಬಂತು, ಅವರ ನೋವು ನಿಜವಾಗಿಯೂ ಕಡಿಮೆಯಾಗಿತ್ತು. ಹಾಸಿಗೆಯಿಂದ ಪಕ್ಕಕ್ಕೆ ಹೊರಳಿ, ಕೈ ಊರಿ ಏಳಿ. ಮೊದಲ ಒಂದು ಗಂಟೆ ಬಗ್ಗಿ ಮಾಡುವ ಕೆಲಸ, ಬಗ್ಗುವ ವ್ಯಾಯಾಮ ಎರಡೂ ಬೇಡ. ಸಾಕ್ಸ್ ಹಾಕಿಕೊಳ್ಳುವಾಗ ಕಾಲನ್ನು ಮೇಲಕ್ಕೆ ತನ್ನಿ.

ಬೆಲ್ಟ್ ಬೇಡ. ತೀರಾ ನೋವಿನ ದಿನ ಒಂದೆರಡು ಗಂಟೆ ಹಾಕಿಕೊಂಡು ಧೈರ್ಯ ಬರುವುದಾದರೆ ಹಾಕಿ, ಆದರೆ ಅದು ಡಿಸ್ಕನ್ನು ಒಳಗೆ ತಳ್ಳುವುದಿಲ್ಲ, ಮುಂದೆ ನೋವು ಬರದಂತೆ ತಡೆಯುವುದೂ ಇಲ್ಲ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2016ರಲ್ಲೇ ಸೊಂಟ ನೋವಿಗೆ ಬೆಲ್ಟ್ ಮತ್ತು ಟ್ರ್ಯಾಕ್ಷನ್ (ಬೆನ್ನನ್ನು ಎಳೆದು ಹಿಗ್ಗಿಸುವ ಚಿಕಿತ್ಸೆ) ಎರಡನ್ನೂ ಕೊಡಬೇಡಿ ಎಂದಿದೆ. ದುಬಾರಿ ಕುರ್ಚಿಯೂ ಕಡ್ಡಾಯವಲ್ಲ. ಎತ್ತರ ಹೊಂದಿಸಲು ಬರಬೇಕು, ಒರಗು ಗಟ್ಟಿ ಇರಬೇಕು, ಅಷ್ಟೇ. ದೊಡ್ಡ ಗಾಳಿ ಚೆಂಡಿನ ಮೇಲೆ ಕೂತು ಕೆಲಸ ಮಾಡುವುದರಿಂದ ವಿಶೇಷ ಲಾಭ ಏನಿಲ್ಲ.

ಹಣ ಕೊಡದೆ ಸಿಗುವ ಔಷಧಿ ನಡಿಗೆ. ಇದನ್ನು ಸುಮ್ನೆ ಹೇಳುತ್ತಿಲ್ಲ. ಸೊಂಟ ನೋವಿನಿಂದ ಆಗತಾನೆ ಚೇತರಿಸಿಕೊಂಡ 701 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು. ಅರ್ಧದಷ್ಟು ಜನರಿಗೆ ಫಿಸಿಯೋಥೆರಪಿಸ್ಟ್ ಸಲಹೆಯ ಜೊತೆ ಹಂತಹಂತವಾಗಿ ನಡಿಗೆ ಹೆಚ್ಚಿಸುವ ಕಾರ್ಯಕ್ರಮ ಕೊಟ್ಟರು. ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ ಮುಟ್ಟುವುದು ಗುರಿ. ಉಳಿದವರಿಗೆ ಏನೂ ಹೇಳಲಿಲ್ಲ. ನಡೆಯದವರಿಗೆ ನೋವು ಮತ್ತೆ ಬರುವ ಹೊತ್ತಿಗೆ ಮಧ್ಯಮ ಲೆಕ್ಕದಲ್ಲಿ 112 ದಿನ ಆಗಿತ್ತು, ನಡೆದವರಿಗೆ 208 ದಿನ. ನೀವು ಹತ್ತು ನಿಮಿಷದಿಂದ ಶುರು ಮಾಡಿ. ನಡೆಯುವಾಗ ತೊಡೆಯ ಎಳೆತ ಕಡಿಮೆಯಾಗುತ್ತದಾ ನೋಡಿ. ಡಿಸ್ಕ್ ಕಾರಣವಾದ ನೋವಿನಲ್ಲಿ ಬಹಳ ಸಲ ಆಗುತ್ತದೆ.

ವ್ಯಾಯಾಮದಲ್ಲಿ ಒಂದು ಎಚ್ಚರ. ಕಾಲಿನ ಬೆರಳು ಮುಟ್ಟುವುದು, ಮಲಗಿ ಪೂರ್ತಿ ಎದ್ದು ಕೂರುವ ಹೊಟ್ಟೆಯ ವ್ಯಾಯಾಮ, ಇವು ಸದ್ಯಕ್ಕೆ ಬೇಡ. ತೊಡೆಯ ಹಿಂದೆ ಎಳೆಯುವುದು ಸ್ನಾಯು ಬಿಗಿದಿದೆ ಎಂದುಕೊಂಡು ಜನ ಹಿಗ್ಗಿಸುತ್ತಾ ಹೋಗುತ್ತಾರೆ. ಕೆರಳಿದ ನರವನ್ನೇ ಎಳೆದಂತಾಗಿ ನೋವು ಹೆಚ್ಚುತ್ತದೆ. ಬದಲಿಗೆ ಹೊಟ್ಟೆಯ ಮೇಲೆ ಮಲಗಿ, ಮೊಣಕೈ ಊರಿ ಎದೆಯನ್ನಷ್ಟೇ ಎತ್ತಿ ಎರಡು ನಿಮಿಷ ಇರಿ. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ ಜನಪ್ರಿಯಗೊಳಿಸಿದ ಕ್ರಮ ಇದು. ಗಮನಿಸಬೇಕಾದದ್ದು ನೋವು ಎತ್ತ ಸರಿಯುತ್ತದೆ ಎಂದು. ತೊಡೆಯಿಂದ ಮೇಲಕ್ಕೆ, ಸೊಂಟದ ನಡುವಿಗೆ ಸರಿದರೆ ಸೊಂಟದಲ್ಲಿ ಸ್ವಲ್ಪ ಜಾಸ್ತಿ ಅನಿಸಿದರೂ ಅದು ಒಳ್ಳೆಯ ಲಕ್ಷಣ, ಮುಂದುವರಿಸಿ. ನೋವು ಕಾಲಿನ ಕೆಳಕ್ಕೆ ಇಳಿದರೆ ನಿಲ್ಲಿಸಿ, ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಎಲ್ಲರ ಬೆನ್ನೂ ಹಿಂದಕ್ಕೆ ಬಾಗುವುದನ್ನು ಇಷ್ಟಪಡುವುದಿಲ್ಲ. ನೋವು ಇಳಿದ ಮೇಲೆ ಬೆನ್ನು, ಹೊಟ್ಟೆ, ಪೃಷ್ಠದ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಅವರಿಂದಲೇ ಕಲಿಯಿರಿ.

ಆಪರೇಷನ್ ಬಗ್ಗೆ ನೇರವಾಗಿ ಹೇಳುತ್ತೇನೆ. ನೀವು ಬರೆದಿರುವುದನ್ನು ನೋಡಿದರೆ ಈಗ ಆ ಮಾತೇ ಬರುವುದಿಲ್ಲ. ಡಿಸ್ಕ್ ಹೊರಚಾಚಿ ಕಾಲಿಗೆ ನೋವು ಇಳಿದವರಲ್ಲೂ ಹೆಚ್ಚಿನವರು ಆಪರೇಷನ್ ಇಲ್ಲದೆಯೇ ಸುಧಾರಿಸುತ್ತಾರೆ. ಹೊರಬಂದ ಭಾಗವನ್ನು ದೇಹವೇ ತಿಂಗಳುಗಳಲ್ಲಿ ಕರಗಿಸಿಕೊಳ್ಳುವುದುಂಟು. ಅಚ್ಚರಿ ಎಂದರೆ, ದೊಡ್ಡದಾಗಿ ಒಡೆದು ಬಂದದ್ದೇ ಹೆಚ್ಚು ಕರಗುತ್ತದೆ. ಕಾಲಿನ ಶಕ್ತಿ ಕುಂದುತ್ತಿದ್ದರೆ, ಅಥವಾ ವಾರಗಟ್ಟಲೆ ಚಿಕಿತ್ಸೆ ಮಾಡಿಯೂ ಕಾಲಿನ ನೋವು ನಿದ್ದೆ ಕೆಡಿಸುತ್ತಿದ್ದರೆ ಆಪರೇಷನ್ ನಿಜಕ್ಕೂ ಉಪಕಾರಿ, ಆಗ ಹೆದರಬೇಕಾಗಿಲ್ಲ. ಬರೀ ಸೊಂಟ ನೋವಿಗೆ, ಬರೀ ಬಲ್ಜ್‌ಗೆ ಯಾರಾದರೂ ಆಪರೇಷನ್ ಹೇಳಿದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಿ. ಪೂರ್ತಿ ಮಂಚ ಹಿಡಿದು ಮಲಗುವುದೂ ಬೇಡ. ನೋವು ಜೋರಾದಾಗ ಒಂದೆರಡು ದಿನ ಓಡಾಟ ಕಡಿಮೆ ಮಾಡಿ, ಅದಕ್ಕಿಂತ ಹೆಚ್ಚು ಮಲಗಿದರೆ ಚೇತರಿಕೆ ತಡವಾಗುತ್ತದೆ.

ಕೊನೆಗೆ ಕಾರಿನ ವಿಷಯ. ಕಾರಿನಲ್ಲಿ ಕೂರುವುದರ ಜೊತೆಗೆ ನಡುಕವೂ ಸೇರುತ್ತದೆ. ಸೊಂಟಕ್ಕೆ ಎರಡೂ ಒಟ್ಟಿಗೆ ಕಷ್ಟ. ಪೂರ್ತಿ ಬಿಡಬೇಕಿಲ್ಲ, ಆದರೆ ನೋವು ತಹಬಂದಿಗೆ ಬರುವವರೆಗೆ ಪ್ರಯಾಣವನ್ನು ತುಂಡು ಮಾಡಿ. 45 ನಿಮಿಷಕ್ಕೊಮ್ಮೆ ನಿಲ್ಲಿಸಿ ಇಳಿಯಿರಿ. ಸೀಟನ್ನು ಮುಂದಕ್ಕೆ ತನ್ನಿ, ಕ್ಲಚ್ ಒತ್ತಲು ಕಾಲನ್ನು ಪೂರ್ತಿ ಚಾಚುವಂತಾಗಬಾರದು. ಕಾಲು ಚಾಚಿದಷ್ಟೂ ತೊಡೆಯ ಸ್ನಾಯು ಕಟಿಯನ್ನು ಹಿಂದಕ್ಕೆ ಎಳೆಯುತ್ತದೆ. ಟವೆಲ್ ಸುರುಳಿ ಇಲ್ಲೂ ಬೇಕು. ಇಳಿಯುವಾಗ ಒಂದೇ ಕಾಲು ಹೊರಗಿಟ್ಟು ಸೊಂಟ ತಿರುಚಬೇಡಿ, ಎರಡೂ ಕಾಲನ್ನು ಒಟ್ಟಿಗೆ ಹೊರಗೆ ತಿರುಗಿಸಿ ಆಮೇಲೆ ಏಳಿ. ಡಿಕ್ಕಿಯಲ್ಲಿರುವ ಸಾಮಾನು ಎರಡು ಮೂರು ನಿಮಿಷ ಅಲ್ಲೇ ಇರಲಿ, ಅಷ್ಟು ಹೊತ್ತು ಕಾರಿನ ಸುತ್ತ ಓಡಾಡಿ. ಆರು ವಾರ ಇಷ್ಟನ್ನೂ ಪಾಲಿಸಿಯೂ ತೊಡೆಯ ಎಳೆತ ಒಂಚೂರೂ ಇಳಿಯದಿದ್ದರೆ ಎಂಆರ್‌ಐ ರಿಪೋರ್ಟ್ ಹಿಡಿದುಕೊಂಡು ಬೆನ್ನುಮೂಳೆ ತಜ್ಞರ ಬಳಿ ಹೋಗಿ. ರಿಪೋರ್ಟ್ ಓದಿ ಕಳಿಸಿದರೆ ಸಾಲದು. ಕಾಲು ಎತ್ತಿಸಿ, ಶಕ್ತಿ ನೋಡಿ, ಸ್ಪರ್ಶ ಪರೀಕ್ಷೆ ಮಾಡಿ ಎಂದು ನೀವೇ ಕೇಳಿ.